ತೊಲೆಯ ಟಾರ್ಕ್ ಲೆಕ್ಕ ತಪ್ಪುವುದೆಲ್ಲಿ?

ಪ್ರಶ್ನೆ: 4 ಮೀಟರ್ ಉದ್ದ, 5 ಕೆ.ಜಿ. ತೂಕದ ಏಕರೂಪದ ತೊಲೆ ಅಡ್ಡಲಾಗಿದೆ, ಎಡತುದಿಯಲ್ಲಿ ಕೀಲು. ಬಲತುದಿಯನ್ನು 100 ನ್ಯೂಟನ್ ಬಲ ತೊಲೆಯೊಂದಿಗೆ 30 ಡಿಗ್ರಿ ಕೋನದಲ್ಲಿ ಮೇಲಕ್ಕೆಳೆಯುತ್ತದೆ. ಕೀಲಿನಿಂದ 1.5 ಮೀಟರ್ ದೂರದಲ್ಲಿ 60 ನ್ಯೂಟನ್ ಬಲ, ಲಂಬರೇಖೆಗೆ 30 ಡಿಗ್ರಿ ಓರೆಯಾಗಿ, ಕೆಳಕ್ಕೆ ಒತ್ತುತ್ತದೆ. ಕೀಲಿನ ಸುತ್ತ ಒಟ್ಟು ಟಾರ್ಕ್ (ತಿರುಗಿಸುವ ಪರಿಣಾಮ) ಎಷ್ಟು? ಎರಡಕ್ಕೂ ಸೈನ್ 30 ಹಾಕಿದರೆ ನನಗೆ 155 ಬರುತ್ತದೆ. ಪುಸ್ತಕದಲ್ಲಿ 24 ಇದೆ. ಯಾವುದು ಸರಿ?

ಉತ್ತರ: ಪುಸ್ತಕದ್ದೇ ಸರಿ. ಟಾರ್ಕ್ = ಕೀಲಿನಿಂದ ದೂರ × ಬಲ × ಸೈನ್ ಕೋನ; ಈ ಸೂತ್ರದಲ್ಲಿ ಬೇಕಾದ್ದು ಬಲಕ್ಕೂ ತೊಲೆಗೂ ನಡುವಿನ ಕೋನ. ಮೊದಲ ಬಲಕ್ಕೆ ಅದು 30 ಡಿಗ್ರಿಯೇ: 4 × 100 × 0.5 = 200 ನ್ಯೂಟನ್ ಮೀಟರ್, ಅಪ್ರದಕ್ಷಿಣ ದಿಕ್ಕಿಗೆ; ಇದನ್ನು ಧನ ಎನ್ನೋಣ. ಎರಡನೆಯದಕ್ಕೆ ಕೊಟ್ಟಿರುವುದು ಲಂಬರೇಖೆಯಿಂದ ಅಳೆದ ಕೋನ. ತೊಲೆಯಿಂದ ಅಳೆದರೆ 60 ಡಿಗ್ರಿ: 1.5 × 60 × 0.866 = 77.9, ಋಣ. ಇಲ್ಲಿ ನೀವು 45 ಮಾತ್ರ ಕಳೆದಿದ್ದೀರಿ.

ದೊಡ್ಡ ತಪ್ಪು ಬೇರೆಯೇ ಇದೆ: ತೊಲೆಯ ಸ್ವಂತ ಭಾರವನ್ನೇ ಬಿಟ್ಟಿದ್ದೀರಿ. ಏಕರೂಪದ ತೊಲೆಯಾದ್ದರಿಂದ 5 × 9.8 = 49 ನ್ಯೂಟನ್ ನಟ್ಟನಡುವೆ, 2 ಮೀಟರ್ ದೂರದಲ್ಲಿ ಕೆಳಕ್ಕೆ ಎಳೆಯುತ್ತದೆ: 98, ಋಣ.

200 − 77.9 − 98 = 24.1 ನ್ಯೂಟನ್ ಮೀಟರ್, ಅಪ್ರದಕ್ಷಿಣ.

100 ನ್ಯೂಟನ್ ಬಲದಲ್ಲಿ ತೊಲೆಯುದ್ದಕ್ಕೂ ಇರುವ 86.6 ನ್ಯೂಟನ್ ಘಟಕ ಕೀಲಿನ ಮೂಲಕವೇ ಹಾಯುವುದರಿಂದ ಅದರ ಟಾರ್ಕ್ ಸೊನ್ನೆ; ಕೀಲಿನ ಪ್ರತಿಬಲದ್ದೂ ಅಷ್ಟೇ. ಹಾಗೆಂದು ಕೀಲು ಆ ಬಲಗಳನ್ನು ಹೊರಬೇಕಿಲ್ಲ ಎಂದಲ್ಲ. ಇನ್ನು, ಕ್ಯಾಲ್ಕ್ಯುಲೇಟರ್‌ನಲ್ಲಿ ಸೈನ್ 30 ಎಂದರೆ −0.988 ಬಂದರೆ ಅದು ರೇಡಿಯನ್‌ನಲ್ಲಿದೆ, ಡಿಗ್ರಿಗೆ ಬದಲಿಸಿ.