ವ್ಯಾಯಾಮ ಪ್ರಶ್ನೋತ್ತರ: ಭಾರ ಎತ್ತುವವರಿಗೆ ಯಾವ ಸಮರ ಕಲೆ ಒಗ್ಗುತ್ತದೆ?

ಪ್ರಶ್ನೆ: ನನಗೆ 27 ವರ್ಷ. ಎತ್ತರ 5 ಅಡಿ 8 ಅಂಗುಲ, ತೂಕ 78 ಕೆ.ಜಿ. ನಾಲ್ಕು ವರ್ಷಗಳಿಂದ ವಾರಕ್ಕೆ ಐದು ದಿನ ದೇಹದಾರ್ಢ್ಯದ ಅಭ್ಯಾಸ ಮಾಡುತ್ತಿದ್ದು, ಮುಂದಿನ ವರ್ಷ ಜಿಲ್ಲಾ ಮಟ್ಟದ ಸ್ಪರ್ಧೆಗೆ ಇಳಿಯುವ ಆಸೆ ಇದೆ. ಮೈ ಗಟ್ಟಿಯಾಗಿದೆ, ಆದರೆ ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಕೈಯನ್ನು ಹಿಂದಕ್ಕೆ ತಿರುಗಿಸಿ ಬೆನ್ನು ಮುಟ್ಟಿಕೊಳ್ಳುವುದೂ ಕಷ್ಟವಾಗಿದೆ. ಮನೆಗೆ ಹತ್ತಿರದಲ್ಲಿ ಒಂದು ಗರಡಿ, ಒಂದು ಕರಾಟೆ ತರಗತಿ ಮತ್ತು ಒಂದು ಬಾಕ್ಸಿಂಗ್ ಕೇಂದ್ರ ಇವೆ. ಇವುಗಳಲ್ಲಿ ಯಾವುದನ್ನು ಸೇರಲಿ? ಸೇರಿದರೆ ಕಷ್ಟಪಟ್ಟು ಬೆಳೆಸಿದ ಮಾಂಸಖಂಡ ಕರಗಿಹೋಗುವುದಿಲ್ಲವೇ?
— ಓದುಗರು, ದಾವಣಗೆರೆ

ಉತ್ತರ: ಸ್ಪರ್ಧೆಯ ಆಸೆ ಇರುವುದರಿಂದ ನಿಮಗೆ ಬಾಕ್ಸಿಂಗ್ ಸೂಚಿಸುತ್ತೇನೆ, ಅದೂ ವಾರಕ್ಕೆ ಎರಡೇ ದಿನ. ಗರಡಿಯ ಊರಿನಲ್ಲಿರುವ ನಿಮಗೆ ಹೀಗೆ ಹೇಳುವಾಗ ನನಗೆ ಸ್ವಲ್ಪ ಸಂಕೋಚವಾಗುತ್ತದೆ, ಆದ್ದರಿಂದ ಕಾರಣವನ್ನು ವಿವರವಾಗಿಯೇ ಬರೆಯುತ್ತೇನೆ.

ಬೆಂಚಿನ ಮೇಲೆ ಮಲಗಿ ಭಾರವನ್ನು ಮೇಲಕ್ಕೆ ಒತ್ತುವ ಬೆಂಚ್ ಪ್ರೆಸ್ ಮಾಡುವಾಗ ನಿಮ್ಮ ಹೆಗಲಿನ ಹಿಂಭಾಗದ ಹಲಗೆಮೂಳೆಗಳು ಎಲ್ಲಿರುತ್ತವೆ ಎಂಬುದನ್ನು ಗಮನಿಸಿ. ಅವೆರಡನ್ನೂ ಹಿಂದಕ್ಕೆ ಎಳೆದು ಬೆಂಚಿಗೆ ಒತ್ತಿ ಹಿಡಿದಿರುತ್ತೀರಿ. ಭಾರ ಹೆಚ್ಚಿದಷ್ಟೂ ಅವು ಅಲುಗಾಡದಂತೆ ಬಿಗಿ ಹಿಡಿಯಬೇಕಾಗುತ್ತದೆ. ಎದೆ ಬೆಳೆಸಲು ಇದು ಸರಿಯಾದ ಕ್ರಮವೇ. ಆದರೆ ನಾಲ್ಕು ವರ್ಷ ಇದನ್ನೇ ಮಾಡಿ, ಹೆಗಲನ್ನು ಬೇರೆ ದಿಕ್ಕುಗಳಲ್ಲಿ ಆಡಿಸದೆ ಬಿಟ್ಟರೆ ಕೈ ಬೆನ್ನಿಗೆ ಸಿಗದಂತಾಗುತ್ತದೆ. ಗುದ್ದು ಹೊಡೆಯುವಾಗ ನಡೆಯುವುದು ಇದಕ್ಕೆ ತದ್ವಿರುದ್ಧ. ಹಿಂಗಾಲಿನ ಹೆಬ್ಬೆರಳಿನಿಂದ ಹೊರಟ ಬಲ ಸೊಂಟ ತಿರುಗಿ ಮೇಲೇರುತ್ತದೆ, ಹಲಗೆಮೂಳೆ ಪಕ್ಕೆಲುಬುಗಳ ಮೇಲೆ ಮುಂದಕ್ಕೆ ಜಾರುತ್ತದೆ, ಕೈ ಪೂರ್ತಿ ಚಾಚಿ ಅಷ್ಟೇ ಬೇಗ ಹಿಂದಿರುಗುತ್ತದೆ. ಹಲಗೆಮೂಳೆಯನ್ನು ಹೀಗೆ ಮುಂದಕ್ಕೆ ಎಳೆಯುವ ಸ್ನಾಯು ಕಂಕುಳಿನ ಕೆಳಗೆ ಗರಗಸದ ಹಲ್ಲಿನಂತೆ ಪಕ್ಕೆಲುಬುಗಳಿಗೆ ಅಂಟಿಕೊಂಡಿದೆ. ವೇದಿಕೆಯ ಮೇಲೆ ಕೈ ಎತ್ತಿ ನಿಂತಾಗ ತೀರ್ಪುಗಾರರ ಕಣ್ಣಿಗೆ ಬೀಳುವ ಸ್ನಾಯುವೂ ಅದೇ.

ಇನ್ನೊಂದು ಲಾಭ ಸಡಿಲತೆಯದು. ಭಾರ ಎತ್ತಿ ಬೆಳೆದ ಹುಡುಗರು ಮೊದಲ ಸಲ ಬಾಕ್ಸಿಂಗ್‌ನ ಗುದ್ದುವ ಮೂಟೆಯ ಮುಂದೆ ನಿಂತಾಗ ಏನಾಗುತ್ತದೆಂದು ನಾನು ಅನೇಕ ಸಲ ಹತ್ತಿರದಿಂದ ಕಂಡಿದ್ದೇನೆ. ಹೆಗಲು ಕಿವಿಯತ್ತ ಏರುತ್ತದೆ, ಹಲ್ಲು ಕಚ್ಚಿಕೊಳ್ಳುತ್ತಾರೆ, ಉಸಿರು ಒಳಗೇ ನಿಲ್ಲುತ್ತದೆ. ಗುದ್ದು ಮೂಟೆಗೆ ಬಡಿದು ಹಿಂದಿರುಗುವ ಬದಲು ಅದನ್ನು ತಳ್ಳಿಕೊಂಡು ಹೋಗುತ್ತದೆ. ಮೂರು ನಿಮಿಷದ ಸುತ್ತಿನಲ್ಲಿ ಒಂದೂವರೆ ನಿಮಿಷ ಕಳೆಯುವಷ್ಟರಲ್ಲಿ ಮೊಣಕೈಗಳು ಜೋತು ಬೀಳುತ್ತವೆ. ಇದು ಬಲದ ಕೊರತೆಯಲ್ಲ. ಬಿಗಿಯುವುದನ್ನು ವರ್ಷಗಟ್ಟಲೆ ಕಲಿತ ಸ್ನಾಯುವಿಗೆ ಎರಡು ಗುದ್ದುಗಳ ನಡುವೆ ಸಡಿಲಗೊಳ್ಳುವುದನ್ನು ಯಾರೂ ಕಲಿಸಿಲ್ಲ, ಅಷ್ಟೇ. ಎರಡು ಮೂರು ತಿಂಗಳಲ್ಲಿ ಈ ಸಡಿಲತೆ ಮೈಗೆ ಹತ್ತುತ್ತದೆ, ಮೆಟ್ಟಿಲಿನ ಏದುಸಿರೂ ಅದರ ಜೊತೆಗೇ ಇಳಿಯುತ್ತದೆ.

ಇನ್ನು ಗರಡಿಯ ವಿಷಯ. ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡಿದ ಮಟ್ಟಿಯಲ್ಲಿ, ಅಂದರೆ ಕುಸ್ತಿಯ ಮಣ್ಣಿನಲ್ಲಿ, ಉಸ್ತಾದರ ಕಣ್ಣೆದುರು ಪಟ್ಟು ಕಲಿಯುವುದಕ್ಕೆ ಸಮನಾದ ಶಿಕ್ಷಣ ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ಆದರೆ ಕುಸ್ತಿ ನಿಮ್ಮಿಂದ ಕೇಳುವುದು ನೀವು ಜಿಮ್‌ನಲ್ಲಿ ಈಗಾಗಲೇ ಖರ್ಚು ಮಾಡುತ್ತಿರುವ ಶಕ್ತಿಯನ್ನೇ: ಹಿಡಿತ, ಬೆನ್ನು, ಸೊಂಟ, ತೊಡೆ. ಎದುರಾಳಿ ಎಳೆಯುವಾಗ ನೀವು ತಡೆದು ಹಿಡಿಯುತ್ತೀರಿ. ಹಾಗೆ ಬಿಗಿದಿರುವಾಗಲೇ ಹಿಗ್ಗಿದ ಸ್ನಾಯು ಮರುದಿನ ಬಹಳ ನೋಯುತ್ತದೆ. ಸೋಮವಾರ ಜೋಡಿ ಹಿಡಿದವರು ಮಂಗಳವಾರ ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್ ಮಾಡಿದರೆ ಎರಡೂ ಕೆಡುತ್ತವೆ. ಗುದ್ದಿನಲ್ಲಿ ಇಂಥ ಎಳೆತ ಕಡಿಮೆ, ಕಾಲುಗಳಿಗೂ ಹಗುರ. ಸ್ಪರ್ಧೆಯ ಆಸೆ ಬಿಟ್ಟು ಕುಸ್ತಿಯನ್ನೇ ಮುಖ್ಯ ಮಾಡಿಕೊಳ್ಳುವುದಾದರೆ ಕಣ್ಣು ಮುಚ್ಚಿ ಗರಡಿ ಸೇರಿ ಎನ್ನುತ್ತಿದ್ದೆ. ಈಗಿನ ಸ್ಥಿತಿಯಲ್ಲಿ ಗರಡಿಯಿಂದ ಒಂದನ್ನು ಮಾತ್ರ ತಪ್ಪದೆ ತನ್ನಿ: ಬೆಂಚ್ ಪ್ರೆಸ್‌ಗೆ ಮೊದಲು ನಿಧಾನವಾಗಿ 20 ದಂಡ ಹೊಡೆಯಿರಿ. ದಂಡದಲ್ಲಿ ಹಲಗೆಮೂಳೆಗೆ ಬೆಂಚಿನ ಕಟ್ಟು ಇರುವುದಿಲ್ಲ, ಬೆನ್ನು ಬಿಲ್ಲಿನಂತೆ ಬಾಗಿ ಏಳುತ್ತದೆ.

ಕರಾಟೆಯಲ್ಲಿ ನಿಮಗೆ ಸಿಗುವುದು ಹೆಚ್ಚಾಗಿ ಸೊಂಟದ ಸಡಿಲತೆ ಮತ್ತು ಶಿಸ್ತು. ಎತ್ತರದ ಒದೆತಕ್ಕೆ ಬೇಕಾದ ಸಡಿಲತೆ ಬರಲು ಕಾಲ ಹಿಡಿಯುತ್ತದೆ. ಅವಸರ ಮಾಡಿದವರು ತೊಡೆಸಂದಿನ ಸ್ನಾಯು ಎಳೆಸಿಕೊಂಡು ಕಾಲಿನ ವ್ಯಾಯಾಮವನ್ನು ವಾರಗಟ್ಟಲೆ ಬಿಡಬೇಕಾಗುತ್ತದೆ.

ಮಾಂಸಖಂಡ ಕರಗುವ ಭಯಕ್ಕೆ ಒಂದು ಹಿನ್ನೆಲೆ ಇದೆ. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಎಂಬ ಸಂಶೋಧಕರು ಹತ್ತು ವಾರಗಳ ಒಂದು ಪ್ರಯೋಗವನ್ನು ಪ್ರಕಟಿಸಿದರು. ಭಾರದ ವ್ಯಾಯಾಮವನ್ನು ಮಾತ್ರ ಮಾಡಿದವರ ಬಲ ಕೊನೆಯವರೆಗೂ ಏರಿತು. ಅದರ ಜೊತೆಗೆ ಓಟ ಮತ್ತು ಸೈಕಲ್‌ನ ಕಠಿಣ ಅಭ್ಯಾಸವನ್ನೂ ಮಾಡಿದವರ ಬಲ ಏಳೆಂಟು ವಾರ ಏರಿ, ಆಮೇಲೆ ಇಳಿಯತೊಡಗಿತು. ಇದನ್ನು ಹೇಳಿ ಹೆದರಿಸುವವರು ಒಂದು ಮಾತನ್ನು ಬಿಟ್ಟುಬಿಡುತ್ತಾರೆ: ಆ ಜನರು ವಾರಕ್ಕೆ ಐದು ದಿನ ಭಾರ ಎತ್ತುವುದರ ಮೇಲೆ ಆರು ದಿನ ದಿನಕ್ಕೆ 40 ನಿಮಿಷ ದಣಿಯುತ್ತಿದ್ದರು. ವಾರಕ್ಕೆ ಎರಡು ಗಂಟೆಯ ಬಾಕ್ಸಿಂಗ್ ಆ ದಣಿವಿನ ಹೊತ್ತಿನ ಅರ್ಧ ಮಾತ್ರ. ಆದರೂ ಐದು ದಿನದ ಜಿಮ್ಮನ್ನು ನಾಲ್ಕಕ್ಕೆ ಇಳಿಸಿ. ಹೆಗಲಿನ ವ್ಯಾಯಾಮದ ಮರುದಿನ ಬಾಕ್ಸಿಂಗ್ ಇಟ್ಟುಕೊಳ್ಳಬೇಡಿ. ಎರಡೂ ಒಂದೇ ದಿನ ಬಂದರೆ ಬೆಳಿಗ್ಗೆ ಭಾರ, ಸಂಜೆ ಬಾಕ್ಸಿಂಗ್ ಎಂದು ನಡುವೆ ಆರು ಗಂಟೆಯಾದರೂ ಬಿಡಿ. ನಿಮ್ಮ ತೂಕದವರು ಒಂದು ಗಂಟೆ ಮೂಟೆಗೆ ಹೊಡೆದರೆ ಸುಮಾರು 400ರಿಂದ 500 ಕ್ಯಾಲೊರಿ ಖರ್ಚಾಗುತ್ತದೆ. ಎರಡು ಬಾಳೆಹಣ್ಣು, ಒಂದು ಹಿಡಿ ಕಡಲೆಬೀಜ, ಒಂದು ಲೋಟ ಹಾಲು ಅದನ್ನು ತುಂಬಿಕೊಡುತ್ತವೆ. ಪ್ರೋಟೀನ್ ದಿನಕ್ಕೆ ಕೆ.ಜಿ. ತೂಕಕ್ಕೆ 1.6 ಗ್ರಾಂನಂತೆ, ಅಂದರೆ ನಿಮಗೆ ಸುಮಾರು 125 ಗ್ರಾಂ ಇರಲಿ. ಜಿಮ್‌ಗೆ ಹೋಗುವವರಲ್ಲಿ ಸೊರಗಿದ ಹೆಚ್ಚಿನವರು ಸೊರಗಿದ್ದು ಹೊಸ ದಣಿವಿಗೆ ತಕ್ಕಂತೆ ಊಟ ಹೆಚ್ಚಿಸದೆ.

ಎರಡು ಎಚ್ಚರಿಕೆಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮ ತೋಳಿನ ಬಲ ನಾಲ್ಕು ವರ್ಷದ್ದು, ಮುಷ್ಟಿಯ ಮೂಳೆಗಳ ಅಭ್ಯಾಸ ಒಂದು ದಿನದ್ದು. ಕೈಪಟ್ಟಿ ಸುತ್ತದೆ ಪೂರ್ತಿ ಬಲದಿಂದ ಹೊಡೆದರೆ ಕಿರುಬೆರಳು ಮತ್ತು ಉಂಗುರ ಬೆರಳಿನ ಹಿಂದಿನ ಅಂಗೈ ಮೂಳೆಗಳು ಮುರಿಯಬಹುದು. ನಾಲ್ಕೂವರೆ ಮೀಟರಿನ ಪಟ್ಟಿ ಸುತ್ತುವುದನ್ನು ಮೊದಲ ದಿನವೇ ಕಲಿತು, ಮೊದಲ ತಿಂಗಳು ಅರ್ಧ ಬಲದಲ್ಲೇ ಹೊಡೆಯಿರಿ. ಎರಡನೆಯದು ತಲೆಯ ವಿಷಯ. ಮೂಟೆ, ತರಬೇತುದಾರರು ಹಿಡಿಯುವ ಪ್ಯಾಡ್, ಹಗ್ಗದಾಟ, ಗಾಳಿಗೆ ಗುದ್ದುವ ಅಭ್ಯಾಸ, ಇಷ್ಟು ನಿಮಗೆ ಸಾಕು. ತಲೆಗೆ ಪೆಟ್ಟು ಬೀಳುವ ಕಾದಾಟ ಬೇಡ. ಇದನ್ನು ಸೇರುವ ದಿನವೇ ತರಬೇತುದಾರರಿಗೆ ತಿಳಿಸಿ. ಒಪ್ಪದವರಾದರೆ ಆ ಕೇಂದ್ರವನ್ನೇ ಬಿಟ್ಟು ಕರಾಟೆಯತ್ತ ಹೋಗಿ. ಸ್ಪರ್ಧೆಗೆ ಕೊಬ್ಬು ಇಳಿಸುವ ಕೊನೆಯ ಹನ್ನೆರಡು ವಾರಗಳಲ್ಲಿ ಬಾಕ್ಸಿಂಗ್ ವಾರಕ್ಕೆ ಒಂದೇ ದಿನ, ಅದೂ ಹಗುರವಾಗಿ ಇರಲಿ.

ಪ್ರಶ್ನೆ: ನಾನು 34 ವರ್ಷದ ಗೃಹಿಣಿ. ಮೂರು ವರ್ಷದಿಂದ ಭಾರದ ವ್ಯಾಯಾಮ ಮಾಡಿ ಮೈ ಗಟ್ಟಿ ಮಾಡಿಕೊಂಡಿದ್ದೇನೆ. ಆತ್ಮರಕ್ಷಣೆಗೂ ಆಗುವಂತೆ ಜೂಡೋ ಕಲಿಯಲೋ, ಕಳರಿಪಯಟ್ಟು ಕಲಿಯಲೋ?
— ಓದುಗರು, ಮೈಸೂರು

ಉತ್ತರ: ಆತ್ಮರಕ್ಷಣೆ ಎಂದು ಸ್ಪಷ್ಟವಾಗಿ ಬರೆದಿರುವುದರಿಂದ ಜೂಡೋ. 1882ರಲ್ಲಿ ಜಪಾನಿನ ಜಿಗೊರೊ ಕಾನೊ ಇದನ್ನು ರೂಪಿಸಿದರು. ಅವರದು ಸಣ್ಣ ಆಳ್ತನ, ಆದ್ದರಿಂದ ಎದುರಾಳಿಯ ತೂಕವನ್ನೇ ಬಳಸಿ ಬೀಳಿಸುವುದು ಆ ವಿದ್ಯೆಯ ಜೀವಾಳವಾಯಿತು. ಮೊದಲ ವಾರಗಳಲ್ಲಿ ನಿಮಗೆ ಕಲಿಸುವುದು ಎಸೆಯುವುದನ್ನಲ್ಲ, ಬೀಳುವುದನ್ನು: ಗದ್ದ ಎದೆಗೆ ಒತ್ತಿ, ಬೆನ್ನು ದುಂಡಗೆ ಮಾಡಿ, ಚಾಪೆಗೆ ತೋಳಿನಿಂದ ಬಡಿದು ಬೀಳುವುದು. ಬಚ್ಚಲಲ್ಲಿ ಜಾರಿದಾಗಲೂ ಕೈಹಿಡಿಯುವ ವಿದ್ಯೆ ಅದು. ಸ್ಕ್ವಾಟ್ ಮಾಡಿದ ನಿಮ್ಮ ತೊಡೆಗಳು ಸೊಂಟದ ಮೇಲಿನ ಎಸೆತದಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತವೆ. ಬಟ್ಟೆ ಹಿಡಿದು ಎಳೆದಾಡುವುದರಿಂದ ಬೆರಳುಗಳು ದಣಿಯುತ್ತವೆ. ಜೂಡೋದ ಮರುದಿನ ಬೆನ್ನಿನ ವ್ಯಾಯಾಮ ಇಟ್ಟುಕೊಳ್ಳಬೇಡಿ.

ಕಳರಿಯ ಮೇಲೆ ನನಗೆ ಅಪಾರ ಗೌರವ ಇದೆ. ನೆಲಕ್ಕೆ ತಾಗುವಷ್ಟು ತಗ್ಗಿ ನಿಲ್ಲುವ ಅದರ ಭಂಗಿಗಳು ಸೊಂಟ, ಮೊಣಕಾಲು, ಪಾದದ ಕೀಲುಗಳಿಗೆ ಕೊಡುವ ಸಡಿಲತೆಯನ್ನು ಯಾವ ಜಿಮ್ಮೂ ಕೊಡದು. ಆದರೆ ಎದುರಾಳಿ ಮೈಗೆ ಮೈ ಒತ್ತಿ ತಡೆಯುವಾಗಿನ ಅಭ್ಯಾಸ ಅಲ್ಲಿ ಬಹಳ ತಡವಾಗಿ ಬರುತ್ತದೆ. ಆತ್ಮರಕ್ಷಣೆಗಿಂತ ಮೈಯ ನಮ್ಯತೆ ಮುಖ್ಯ ಎನಿಸಿದರೆ ನನ್ನ ಉತ್ತರವೂ ಬದಲಾಗುತ್ತದೆ.

ಪ್ರಶ್ನೆ: ನನಗೆ 19 ವರ್ಷ, ತೂಕ 73 ಕೆ.ಜಿ. ಫ್ರೀಸ್ಟೈಲ್ ಕುಸ್ತಿ ಆಡುತ್ತೇನೆ. ಮೈಕಟ್ಟಿಗಾಗಿ ಜಿಮ್‌ಗೂ ಹೋಗುತ್ತೇನೆ. ಜಿಮ್‌ಗೆ ಹೋದರೆ ಮೈ ಮರಗಟ್ಟಿ ವೇಗ ಹೋಗುತ್ತದೆ ಎಂದು ಉಸ್ತಾದರು ಬೈಯುತ್ತಾರೆ. ಅದು ನಿಜವೇ?
— ಓದುಗರು, ಹುಬ್ಬಳ್ಳಿ

ಉತ್ತರ: ಭಾರ ಎತ್ತಿದ ಮಾತ್ರಕ್ಕೆ ಮೈ ಮರಗಟ್ಟುವುದಿಲ್ಲ, ಕೀಲು ಪೂರ್ತಿ ಚಾಚಿ ಪೂರ್ತಿ ಮಡಚುವಂತೆ ಎತ್ತಿದರೆ ಸಡಿಲತೆ ಉಳಿಯುತ್ತದೆ. ಗದೆ ತಿರುಗಿಸುವುದೂ ಭಾರದ ವ್ಯಾಯಾಮವೇ ತಾನೆ? ಆದರೆ ಉಸ್ತಾದರ ಮಾತಿನಲ್ಲಿ ನೀವು ಗಮನಿಸಬೇಕಾದ ಸತ್ಯವೊಂದಿದೆ. ಒಲಿಂಪಿಕ್ ಫ್ರೀಸ್ಟೈಲ್‌ನಲ್ಲಿ 74 ಕೆ.ಜಿ. ವಿಭಾಗದ ನಂತರ ಬರುವುದು ನೇರವಾಗಿ 86 ಕೆ.ಜಿ. ಕನ್ನಡಿಗಾಗಿ ತೋಳು, ಎದೆಯಲ್ಲಿ ಮೂರು ಕೆ.ಜಿ. ಬೆಳೆಸಿಕೊಂಡರೆ ನೀವು 74ರ ಗೆರೆ ದಾಟುತ್ತೀರಿ. ಮೇಲಿನ ವಿಭಾಗದಲ್ಲಿ ನಿಮಗಿಂತ ಹತ್ತು ಕೆ.ಜಿ. ಹೆಚ್ಚು ತೂಗುವವರು ಕಾಯುತ್ತಿರುತ್ತಾರೆ. ಆದ್ದರಿಂದ ತೋಳಿನ ಕರ್ಲ್‌ಗಳನ್ನು ಸದ್ಯಕ್ಕೆ ಬಿಟ್ಟು ಸ್ಕ್ವಾಟ್, ಡೆಡ್‌ಲಿಫ್ಟ್, ಹಗ್ಗ ಹತ್ತುವುದು ಮತ್ತು ಕತ್ತಿನ ವ್ಯಾಯಾಮಗಳನ್ನು ವಾರಕ್ಕೆ ಎರಡು ದಿನ, ಕಡಿಮೆ ಎಣಿಕೆಯಲ್ಲಿ ಮಾಡಿ. ಮುಂದಿನ ಎರಡು ವರ್ಷ ಯಾವ ತೂಕದಲ್ಲಿ ಆಡಬೇಕು ಎಂದು ಉಸ್ತಾದರನ್ನೇ ಕೇಳಿ. ಅವರು 74 ಎಂದರೆ ಜಿಮ್‌ನ ಪಟ್ಟಿಯನ್ನು ಅವರ ಮುಂದಿಟ್ಟು ಅದಕ್ಕೆ ತಕ್ಕಂತೆ ತಿದ್ದಿಸಿಕೊಳ್ಳಿ; 86 ಎಂದರೆ ಬೆಳೆಯಲು ಅವಕಾಶ ಇದೆ, ಆಗ ಇನ್ನೊಮ್ಮೆ ಬರೆಯಿರಿ.