ಕರೆದರೆ ಬಾರದ ಮುಧೋಳ ನಾಯಿ

ಪ್ರಶ್ನೆ: ನಮ್ಮ ಮುಧೋಳ ನಾಯಿಗೆ ಎಂಟು ತಿಂಗಳು. ಬಿಚ್ಚಿದರೆ ಸಾಕು, ಕುರಿಹಿಂಡಿನ ಬೆನ್ನು ಹತ್ತುತ್ತದೆ, ಎಷ್ಟು ಕೂಗಿದರೂ ತಿರುಗುವುದಿಲ್ಲ. ತರಬೇತಿ ಶಿಬಿರಕ್ಕೆ ಹೊರಟಿದ್ದೇವೆ. ಏನು ಕಲಿತು ಬರಬೇಕು?
– ಓದುಗರೊಬ್ಬರು, ಜಮಖಂಡಿ

ಉತ್ತರ: ಇದು ಹಟವಲ್ಲ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವ ವಸ್ತು ಕಂಡಾಗ ಕಿವಿ ಕೆಲಸ ಮಾಡುವುದಿಲ್ಲ. ‘ಕೂಡು’, ‘ಕೈ ಕೊಡು’ ಆಮೇಲೆ ನೋಡಿಕೊಳ್ಳಿ, ಮೊದಲು ‘ಬಾ’ ಕಲಿಸುವುದನ್ನು ಕಲಿಯಿರಿ.

10 ಮೀಟರ್ ಹಗ್ಗ ತನ್ನಿ. ಅದನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗೆ ಬೇಡ. ಓಟದ ರಭಸಕ್ಕೆ ಹಗ್ಗ ಬಿಗಿದರೆ ಕುತ್ತಿಗೆಗೆ ಪೆಟ್ಟು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋದೀತು. ಮೊದಲ ವಾರ ಅಂಗಳದಲ್ಲೇ: ಎರಡು ಹೆಜ್ಜೆ ದೂರದಿಂದ ಒಮ್ಮೆ ಮಾತ್ರ ‘ಬಾ’ ಅನ್ನಿ, ಬಂದ ಕ್ಷಣವೇ ಕಡಲೆಕಾಳಿನಷ್ಟು ಬೇಯಿಸಿದ ಕೋಳಿಚೂರು ಕೊಡಿ. ಉಪ್ಪು, ಉಳ್ಳಾಗಡ್ಡಿ ಬೇಡ; ಉಳ್ಳಾಗಡ್ಡಿ ನಾಯಿಗೆ ವಿಷ. ಹತ್ತು ಸಲ ಸಾಕು, ದಿನಕ್ಕೆ ಎರಡು ಹೊತ್ತು. ಆಮೇಲೆ ಹೊಲ, ಕೊನೆಗೆ ದೂರದಲ್ಲಿ ಕುರಿ ಕಾಣುವ ಜಾಗ. ನಾಯಿ ಕುರಿಯತ್ತ ನೆಟ್ಟ ನೋಟ ಇಟ್ಟು, ಬಾಲ ನಿಂತು, ಮೈ ಬಿಗಿಯುತ್ತದೆ; ಕರೆಯಬೇಕಾದ್ದು ಆಗಲೇ. ಓಟ ಶುರುವಾದ ಮೇಲೆ ಕೂಗಿದರೆ ‘ಬಾ’ ಎಂಬ ಮಾತೇ ಸವೆಯುತ್ತದೆ.

ಬಹಳ ಜನ ಮಾಡುವ ತಪ್ಪು: ತಡವಾಗಿ ಬಂದ ನಾಯಿಗೆ ಬಡಿಯುವುದು. ಬಂದದ್ದಕ್ಕೇ ಏಟು ಬಿತ್ತು ಅಂತ ಅದು ತಿಳಿಯುತ್ತದೆ. ಕರೆದ ಪ್ರತಿಸಲ ಕಟ್ಟಿಹಾಕುವುದೂ ಅಷ್ಟೇ ಕೆಟ್ಟದ್ದು. ತಿನಿಸು ಕೊಟ್ಟು ಮತ್ತೆ ಆಡಲು ಬಿಡಿ.

ಇನ್ನೊಂದು, ಈ ತಳಿಯ ತಲೆ ಸಣ್ಣದು, ಕೊರಳಿನ ಸಾದಾ ಬೆಲ್ಟು ಜಾರುತ್ತದೆ. ಎರಡು ಬೆರಳು ಹೋಗುವಷ್ಟು ಸಡಿಲವಿರುವ ಅಗಲ ಪಟ್ಟಿ ಕೊಳ್ಳಿ. ಬೇಸಿಗೆಯಲ್ಲಿ ಬಿಸಿಲೇರುವ ಮೊದಲೇ ಅಭ್ಯಾಸ ಮುಗಿಸಿ.