ಹಿತ್ತಿಲ ಹಳ್ಳ, ಸ್ಯಾಮನ್ ಮೀನು, ಕಾನೂನು: ಓದುಗರ ಪ್ರಶ್ನೆಗಳಿಗೆ ತಜ್ಞರ ಉತ್ತರ

ಅಮೆರಿಕದ ಸಿಯಾಟಲ್ ಸುತ್ತಮುತ್ತ ಮನೆ ಕೊಂಡಿರುವ ಕನ್ನಡಿಗರಿಂದ ಪ್ರತಿ ಬೇಸಿಗೆಯಲ್ಲೂ ಇವೇ ಪ್ರಶ್ನೆಗಳು ಬರುತ್ತವೆ. ಹಳ್ಳದಲ್ಲಿ ನೀರು ಇಳಿದಿರುತ್ತದೆ, ಹಿತ್ತಿಲ ಕೆಲಸಕ್ಕೆ ಕೈ ತುರಿಸುತ್ತದೆ, ಕೆಲಸ ಅರ್ಧ ಮುಗಿದ ಮೇಲೆ ನನಗೆ ಬರೆಯುತ್ತಾರೆ. ಅಷ್ಟರಲ್ಲಿ ಆಗುವ ಹಾನಿ ಆಗಿಹೋಗಿರುತ್ತದೆ. ಸ್ಯಾಮನ್ ಸಮುದ್ರದಿಂದ ಹೊಳೆಗೆ ಬಂದು ಮೊಟ್ಟೆಯಿಡುತ್ತದೆ ಎಂಬಷ್ಟನ್ನು ಇಲ್ಲಿ ಮತ್ತೆ ವಿವರಿಸುವುದಿಲ್ಲ.

ಪ್ರಶ್ನೆ: ನಮ್ಮ ಹಿತ್ತಿಲಲ್ಲಿ ಮೂರಡಿ ಅಗಲದ ಹಳ್ಳವಿದೆ. ಆಗಸ್ಟಿನಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ, ಮೀನನ್ನಂತೂ ಕಂಡೇ ಇಲ್ಲ. ದಾಟಲು ಎರಡಡಿ ವ್ಯಾಸದ ಪೈಪ್ ಹಾಕಿ ಮೇಲೆ ಮಣ್ಣು ತುಂಬಿಸಬೇಕು, ಅಡ್ಡಬಿದ್ದ ಮರವನ್ನೂ ತೆಗೆಸಬೇಕು. "ಜಾಗ ನಿಮ್ಮದೇ, ಪರವಾನಗಿ ಯಾಕೆ, ವಾರಾಂತ್ಯದಲ್ಲಿ ಮುಗಿಸಿಬಿಡೋಣ" ಎನ್ನುತ್ತಾರೆ ಕಂಟ್ರಾಕ್ಟರ್. ಮಾಡಿಸಬಹುದೇ? (ಬಾಥೆಲ್‌ನ ಓದುಗರು)

ಬೇಡ. ಮೊದಲು ಕಂಟ್ರಾಕ್ಟರನ್ನು ಬದಲಿಸಿ. ವಾರಾಂತ್ಯದಲ್ಲಿ ಮುಗಿಸೋಣ ಎನ್ನುವವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ, ಚೆನ್ನಾಗಿ ಗೊತ್ತಿದೆ.

ಜಾಗ ನಿಮ್ಮದಿರಬಹುದು, ಮೀನು ನಿಮ್ಮದಲ್ಲ. ಹಳ್ಳದ ಹರಿವನ್ನಾಗಲಿ ತಳವನ್ನಾಗಲಿ ಬದಲಿಸುವ, ತಡೆಯುವ, ತಿರುಗಿಸುವ ಯಾವ ಕೆಲಸಕ್ಕೂ ವಾಷಿಂಗ್ಟನ್ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯಿಂದ 'ಹೈಡ್ರಾಲಿಕ್ ಪ್ರಾಜೆಕ್ಟ್ ಅಪ್ರೂವಲ್' ಪಡೆಯಲೇಬೇಕು. ಈ ಕಾನೂನು 1943ರಷ್ಟು ಹಳೆಯದು. ಬೇಸಿಗೆಯಲ್ಲಿ ನೀರು ಬತ್ತುತ್ತದೆ ಎಂಬುದಾಗಲಿ, ನೀವು ಮೀನು ಕಂಡಿಲ್ಲ ಎಂಬುದಾಗಲಿ ವಿನಾಯಿತಿಗೆ ಕಾರಣವಲ್ಲ. ನೀವು ನೋಡಿದ್ದು ಆಗಸ್ಟಿನಲ್ಲಿ. ಕೋಹೋ ಎಂಬ ಜಾತಿಯ ಸ್ಯಾಮನ್ ಹತ್ತಿಬರುವುದು ಮಳೆ ಹಿಡಿದ ಮೇಲೆ. ಅದರ ಬೆರಳುದ್ದದ ಮರಿಗಳು ವರ್ಷಕ್ಕೂ ಹೆಚ್ಚು ಕಾಲ ಸಿಹಿನೀರಿನಲ್ಲೇ ಬೆಳೆಯುತ್ತವೆ. ಚಳಿಗಾಲದ ನೆರೆಯಿಂದ ತಪ್ಪಿಸಿಕೊಳ್ಳಲು ಅವು ಹುಡುಕಿಕೊಂಡು ಬರುವುದು ನಿಮ್ಮ ಹಿತ್ತಿಲಿನಂಥ ಸಣ್ಣ ಹಳ್ಳಗಳನ್ನೇ. ಇಂಥ ಹಳ್ಳ ಹೋದರೆ ದೊಡ್ಡ ಹೊಳೆ ಇದ್ದೂ ಮರಿಗಳು ಉಳಿಯವು.

ಕೇಂದ್ರದ ಕಾನೂನು ಇದರ ಜೊತೆಗಿದೆ. 1973ರ ಅಳಿವಿನಂಚಿನ ಪ್ರಭೇದಗಳ ಕಾಯ್ದೆಯಡಿ ಸಿಯಾಟಲ್ ಪಕ್ಕದ ಕೊಲ್ಲಿಯಾದ ಪ್ಯೂಜೆಟ್ ಸೌಂಡ್‌ನ ಚಿನೂಕ್ ಜಾತಿಯ ಸ್ಯಾಮನ್ 1999ರಲ್ಲಿ, ಅದರ ನೆಂಟ ಮೀನು ಸ್ಟೀಲ್‌ಹೆಡ್ 2007ರಲ್ಲಿ 'ಅಪಾಯಕ್ಕೊಳಗಾದ' ಪಟ್ಟಿಗೆ ಸೇರಿದವು. ಇಲ್ಲಿನ ಕೋಹೋ ಆ ಪಟ್ಟಿಯಲ್ಲಿಲ್ಲ. "ಹಾಗಾದರೆ ನಮ್ಮ ಹಳ್ಳದಲ್ಲಿರುವುದು ಕೋಹೋ ಮಾತ್ರ, ಏನು ಬೇಕಾದರೂ ಮಾಡಬಹುದು" ಎಂದು ವಾದಿಸುವವರಿದ್ದಾರೆ. ಇದು ತಪ್ಪು. ರಾಜ್ಯದ ಕಾನೂನಿಗೆ ಪಟ್ಟಿ ಬೇಕಿಲ್ಲ, ಎಲ್ಲ ಮೀನುಗಳನ್ನೂ ಅದು ಕಾಯುತ್ತದೆ. ಅಲ್ಲದೆ ಹಳ್ಳಕ್ಕೆ ಮಣ್ಣು ತುಂಬಿಸಲು ಸೇನೆಯ ಎಂಜಿನಿಯರಿಂಗ್ ದಳದ ಪರವಾನಗಿಯೂ ಬೇಕಾಗಬಹುದು. ಪಟ್ಟಿಯಲ್ಲಿರುವ ಮೀನಿಗೆ ತೊಂದರೆಯಾಗುವಂತಿದ್ದರೆ, ಆ ಪರವಾನಗಿ ಕೊಡುವ ಮುನ್ನ ದಳವು ಕೇಂದ್ರದ ಮೀನುಗಾರಿಕಾ ಸಂಸ್ಥೆಯ ಜೊತೆ ಸಮಾಲೋಚಿಸಲೇಬೇಕು.

ಇನ್ನು ಪೈಪಿನ ವಿಷಯ. ಮೂರಡಿಯ ನೀರನ್ನು ಎರಡಡಿಯ ಪೈಪಿಗೆ ನುಗ್ಗಿಸಿದರೆ ಚಳಿಗಾಲದ ನೆರೆಯಲ್ಲಿ ವೇಗ ಏರುತ್ತದೆ. ಹೊರಬಾಯಿಯಲ್ಲಿ ನೀರು ತಳವನ್ನು ಕೊರೆದು ಗುಂಡಿ ಮಾಡುತ್ತದೆ. ಎರಡು ಮೂರು ಮಳೆಗಾಲದಲ್ಲಿ ಪೈಪಿನ ಬಾಯಿ ಗಾಳಿಯಲ್ಲಿ ನಿಲ್ಲುತ್ತದೆ. ಪೈಪಿನ ಬಾಯಿಂದ ಕೆಳಗಿನ ನೀರಿಗೆ ಇರುವ ಧುಮುಕು 24 ಸೆಂಟಿಮೀಟರ್ ದಾಟಿದರೆ ಇಲಾಖೆಯ ಅಳತೆಯಲ್ಲಿ ಅದು ಮೀನಿಗೆ ತಡೆ. ಒಳಗೆ ಹಳ್ಳದ ಕಲ್ಲು-ಮರಳು ನಿಲ್ಲದೆ ಪೈಪಿನ ಇಳಿಜಾರು ಶೇ 1 ಮುಟ್ಟಿದರೂ ಅಷ್ಟೇ. ಮೇಲ್ಭಾಗದ ಅಷ್ಟೂ ಹಳ್ಳ ಸ್ಯಾಮನ್ ಪಾಲಿಗೆ ಮುಚ್ಚಿದಂತೆ.

ಮೋರಿಯ ಅಗಲಕ್ಕೆ ಇಲ್ಲಿ ಬಳಸುವ ಲೆಕ್ಕ ಹೀಗಿದೆ: ದಂಡೆ ತುಂಬಿದಾಗಿನ ಅಗಲವನ್ನು 1.2ರಿಂದ ಗುಣಿಸಿ ಎರಡಡಿ ಕೂಡಿಸಿ. ಎಲ್ಲರೂ ಎಡವುವುದು ಇದರ ಮೊದಲ ಅಂಕಿಯಲ್ಲೇ. ಬೇಸಿಗೆಯಲ್ಲಿ ನೀರು ಹರಿಯುವ ಅಗಲವಲ್ಲ, ಮಾಮೂಲಿ ಚಳಿಗಾಲದ ನೆರೆಗೆ ದಂಡೆ ತುಂಬುವ ಅಗಲ ಬೇಕು. ಹಳೆಯ ಪೈಪು, ಕಟ್ಟೆಗಳಿಂದ ದೂರದಲ್ಲಿ ಹಲವು ಕಡೆ ಟೇಪು ಹಿಡಿದು ಸರಾಸರಿ ತೆಗೆಯಿರಿ. ನಿಮ್ಮ ಮೂರಡಿಯ ಹಳ್ಳಕ್ಕೆ ಅದು ಆರಡಿ ಬಂತೆನ್ನಿ, ಮೋರಿ ಒಂಬತ್ತಡಿ ದಾಟಬೇಕು, ತಳದಲ್ಲಿ ಹಳ್ಳದ್ದೇ ಕಲ್ಲು ತುಂಬಿರಬೇಕು. ನಾಲ್ಕು ಹೆಜ್ಜೆ ದಾಟಲು ಇಷ್ಟು ಖರ್ಚು ಯಾಕೆ? ಕಾಲುಸಂಕ ಹಾಕಿಸಿ. ಅದರ ಎರಡೂ ಆಧಾರಗಳು ದಂಡೆಯ ಆಚೆಗಿರಲಿ, ತೊಲೆ ನೆರೆಯ ಮಟ್ಟಕ್ಕಿಂತ ಮೇಲಿರಲಿ. ಅದಕ್ಕೂ ಅನುಮತಿ ಬೇಕು, ಆದರೆ ಸಿಗುವುದು ಸುಲಭ. ನಡೆದು ದಾಟಲಷ್ಟೇ ಮೋರಿ ಹಾಕಿಸಿ ಎಂದು ನಾನು ಯಾರಿಗೂ ಸಲಹೆ ಕೊಡುವುದಿಲ್ಲ.

"ಸರ್ಕಾರಕ್ಕೊಂದು ನ್ಯಾಯ, ನಮಗೊಂದು" ಎನ್ನಬೇಡಿ. ರಸ್ತೆಯಡಿಯ ಮೋರಿಗಳು ಸ್ಯಾಮನ್‌ಗೆ ಅಡ್ಡಿಯಾಗಿ ತಮ್ಮ ಒಪ್ಪಂದದ ಹಕ್ಕು ಕಸಿಯುತ್ತಿವೆ ಎಂದು ಮೂಲನಿವಾಸಿ ಬುಡಕಟ್ಟುಗಳು 2001ರಲ್ಲಿ ರಾಜ್ಯವನ್ನೇ ನ್ಯಾಯಾಲಯಕ್ಕೆಳೆದವು. 1850ರ ದಶಕದಲ್ಲಿ ನೆಲ ಬಿಟ್ಟುಕೊಡುವಾಗ ಅವು ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡಿದ್ದವು. 2013ರಲ್ಲಿ ಮೋರಿಗಳನ್ನು ಸರಿಪಡಿಸುವಂತೆ ಆದೇಶವಾಯಿತು. 2018ರಲ್ಲಿ ಸುಪ್ರೀಂ ಕೋರ್ಟ್ 4-4ರಲ್ಲಿ ಸಮವಾಗಿ ಒಡೆದದ್ದರಿಂದ ಆ ಆದೇಶವೇ ಉಳಿಯಿತು. 2030ರೊಳಗೆ ಕೆಲಸದ ಬಹುಭಾಗ ಮುಗಿಸಬೇಕಾದ ರಾಜ್ಯ ಇದಕ್ಕೆ ಶತಕೋಟಿಗಟ್ಟಲೆ ಡಾಲರ್ ಸುರಿಯುತ್ತಿದೆ. ಹೀಗಿರುವಾಗ ಹೊಸದೊಂದು ಕಿರಿದಾದ ಪೈಪನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಅಡ್ಡಬಿದ್ದ ಮರ ಮೀನಿಗೆ ಅಡ್ಡಿ ಎಂಬುದು ಶುದ್ಧ ಮೂಢನಂಬಿಕೆ. ಮರದ ಕೆಳಗೆ ನೀರು ಕೊರೆದ ಮಡುವೇ ಮರಿಗಳಿಗೆ ಬೇಸಿಗೆಯ ತಂಪು, ನೆರೆಯಲ್ಲಿ ಆಸರೆ. ಮೊಟ್ಟೆಗೆ ಬೇಕಾದ ಸಣ್ಣಕಲ್ಲು ಕೊಚ್ಚಿಹೋಗದಂತೆ ಹಿಡಿದಿಡುವುದೂ ಅದೇ. ಲಕ್ಷಾಂತರ ಡಾಲರ್ ಸುರಿದು ಹೊಳೆಗಳಿಗೆ ದಿಮ್ಮಿ ಹಾಕಿಸುತ್ತಿರುವ ಕಾಲವಿದು. ಅದನ್ನು ತೆಗೆಯಲೂ ಅನುಮತಿ ಬೇಕು. ನೆರೆ ಮನೆಯ ಅಡಿಪಾಯದತ್ತ ತಿರುಗುತ್ತಿದ್ದರೆ ಇಲಾಖೆಯ ಜೀವಿಶಾಸ್ತ್ರಜ್ಞರನ್ನು ಕರೆಯಿರಿ. ಅನೇಕ ಸಲ ಮರವನ್ನು ಹಳ್ಳದಲ್ಲೇ ಓರೆಯಾಗಿ ತಿರುಗಿಸಿದರೆ ಸಾಕಾಗುತ್ತದೆ.

ಕ್ರಮ ಹೀಗೆ. ಮೊದಲು ನಗರ ಅಥವಾ ಕೌಂಟಿಯ ಯೋಜನಾ ವಿಭಾಗಕ್ಕೆ ಫೋನ್ ಮಾಡಿ, ಹಳ್ಳದ ಅಂಚಿನಿಂದ ಎಷ್ಟು ಅಡಿ ಮುಟ್ಟಬಾರದು ಎಂದು ಕೇಳಿ. ಇದು ಊರೂರಿಗೆ ಬೇರೆ, ಪಕ್ಕದ ಮನೆಯವರ ಮಾತು ನಂಬಬೇಡಿ. ಆಮೇಲೆ ಅಳತೆ, ಫೋಟೋ, ನಕ್ಷೆ ಸೇರಿಸಿ ಇಲಾಖೆಗೆ ಆನ್‌ಲೈನ್ ಅರ್ಜಿ ಹಾಕಿ. ಶುಲ್ಕವಿಲ್ಲ. ಅರ್ಜಿ ಪೂರ್ಣವಾಗಿದ್ದರೆ ತೀರ್ಮಾನಕ್ಕೆ 45 ದಿನ. ವಿಳಂಬವಾಗುವುದು ಬಹುತೇಕ ಅಪೂರ್ಣ ಅರ್ಜಿಯಿಂದಲೇ. ನೀರಿಗಿಳಿದು ಕೆಲಸ ಮಾಡುವ ಅವಧಿ ಸಾಮಾನ್ಯವಾಗಿ ನಡುಬೇಸಿಗೆ, ನಿಖರ ದಿನಾಂಕ ಅನುಮತಿಪತ್ರದಲ್ಲಿರುತ್ತದೆ. ಹಾಗಾಗಿ ಅರ್ಜಿ ಏಪ್ರಿಲ್‌ನಲ್ಲೇ ಹೋಗಲಿ. ಜುಲೈನಲ್ಲಿ ಎಚ್ಚರಾದವರು ಮುಂದಿನ ವರ್ಷಕ್ಕೆ ಕಾಯಲಿ, ಅವಸರ ಬೇಡ.

ಅವಧಿ ದಾಟಿ ಕೆಲಸ ಮಾಡಿದರೆ ಏನಾಗುತ್ತದೆ ಗೊತ್ತೇ? ಸೆಪ್ಟೆಂಬರ್‌ನಿಂದ ತಾಯಿಮೀನು ಸಣ್ಣಕಲ್ಲಿನಡಿ ಮೊಟ್ಟೆ ಹೂಳುತ್ತದೆ, ಕಲ್ಲಿನ ಸಂದುಗಳಲ್ಲಿ ಹರಿಯುವ ನೀರೇ ಅದಕ್ಕೆ ಉಸಿರು. 0.85 ಮಿಲಿಮೀಟರ್‌ಗಿಂತ ಸಣ್ಣ ಹೂಳು ಆ ಕಲ್ಲಿನಲ್ಲಿ ಶೇ 12ರೊಳಗಿದ್ದರೆ ತಳ ಚೆನ್ನಾಗಿದೆ ಎನ್ನುತ್ತಾರೆ, ಶೇ 17 ದಾಟಿದರೆ ಕೆಟ್ಟಿತೆಂದೇ ಲೆಕ್ಕ. ಒಂದು ಮಧ್ಯಾಹ್ನ ಅಗೆದ ಮಣ್ಣು ಒಂದು ಮಳೆಗೆ ಇಳಿದುಬಂದು ಕೆಳಗಿನ ಗೂಡುಗಳನ್ನು ಉಸಿರುಗಟ್ಟಿಸಬಲ್ಲದು. ದಂಡ ಒಂದೊಂದು ಉಲ್ಲಂಘನೆಗೂ 10,000 ಡಾಲರ್‌ವರೆಗೆ.

ಪ್ರಶ್ನೆ: ಅಂಗಡಿ ತುಂಬ ಸ್ಯಾಮನ್ ಇರುವಾಗ ಅಳಿವಿನಂಚು ಎಲ್ಲಿಂದ ಬಂತು?

ಅಂಗಡಿಯಲ್ಲಿರುವುದು ಬಹುಪಾಲು ಸಾಕಿದ ಅಟ್ಲಾಂಟಿಕ್ ಸ್ಯಾಮನ್, ಇಲ್ಲವೇ ಅಲಾಸ್ಕಾದ ಮೀನು. ಕಾನೂನು ಎಣಿಸುವುದು ಒಟ್ಟು ಮೀನನ್ನಲ್ಲ, ಒಂದೊಂದು ಪ್ರದೇಶದ ಹೊಳೆಗಳಿಗೆ ಮರಳುವ ಬೇರೆ ಬೇರೆ ಸಂತತಿಗಳನ್ನು. ಪಶ್ಚಿಮ ಕರಾವಳಿಯಲ್ಲಿ ಸ್ಟೀಲ್‌ಹೆಡ್ ಸೇರಿ ಅಂಥ 28 ಗುಂಪುಗಳು ಪಟ್ಟಿಯಲ್ಲಿವೆ. 1992ರಲ್ಲಿ ಐಡಾಹೋದ ರೆಡ್‌ಫಿಶ್ ಸರೋವರಕ್ಕೆ ಮರಳಿದ ಸಾಕೈ ಜಾತಿಯ ಸ್ಯಾಮನ್ ಒಂದೇ ಒಂದು. ಅಲಾಸ್ಕಾದಲ್ಲಿ ಕೋಟಿಗಟ್ಟಲೆ ಸಾಕೈ ಇದ್ದರೂ ಅವು ಆ ಸರೋವರದ ದಾರಿ ಹಿಡಿಯುವುದಿಲ್ಲ.

ಪ್ರಶ್ನೆ: ಹ್ಯಾಚರಿಯಲ್ಲಿ ಮರಿ ಮಾಡಿ ಬಿಟ್ಟರೆ ಆಯಿತಲ್ಲ? ಮೊಟ್ಟೆ ಕೊಂಡು ನಮ್ಮ ಹಳ್ಳಕ್ಕೆ ಬಿಡಬಹುದೇ?

ಬಿಡುವಂತಿಲ್ಲ. ಅನುಮತಿಯಿಲ್ಲದೆ ಜೀವಂತ ಮೀನು, ಮೊಟ್ಟೆ ಬಿಡುವುದು ಅಪರಾಧ, ರೋಗ ಹರಡುವ ದಾರಿಯೂ ಹೌದು. ಮಾರುತ್ತೇನೆ ಎಂದು ಬಂದವರನ್ನು ಬಾಗಿಲಲ್ಲೇ ಕಳಿಸಿ. ಹ್ಯಾಚರಿಯ ತೊಟ್ಟಿಗೆ ಒಗ್ಗಿದ ಮೀನಿನ ಸಂತತಿ ಕಾಡುಹೊಳೆಯಲ್ಲಿ ಅಷ್ಟು ಉಳಿಯುವುದಿಲ್ಲ. ಅದರಿಂದಲೇ 2005ರ ಕೇಂದ್ರ ನೀತಿ ಹ್ಯಾಚರಿ ಮೀನು ಕಾಡು ಸಂತತಿಗೆ ಎಷ್ಟು ನೆರವಾಗುತ್ತದೆ ಎಂದು ತೂಗುತ್ತದೆ, ಬರಿಯ ತಲೆ ಎಣಿಸುವುದಿಲ್ಲ.

ಪ್ರಶ್ನೆ: ಮಣ್ಣಿನ ಗಣಪತಿಯನ್ನು ಹಳ್ಳದಲ್ಲಿ ಬಿಡಬಹುದೇ?

ಹಬ್ಬ ಬರುವ ಹೊತ್ತಿಗೇ ಚಿನೂಕ್ ಮೊಟ್ಟೆಯಿಡಲು ಶುರುಮಾಡುತ್ತದೆ. ಹೂಳಿನ ಬಗ್ಗೆ ಮೇಲೆ ಹೇಳಿದ್ದೇನೆ. ಬಕೆಟ್‌ನಲ್ಲಿ ವಿಸರ್ಜಿಸಿ, ಆ ನೀರನ್ನು ಗಿಡದ ಬುಡಕ್ಕೆ ಹಾಕಿ.

ಪ್ರಶ್ನೆ: ಮಳೆ ಬಂದ ಮರುದಿನ ಹಳ್ಳದಲ್ಲಿ ಕೋಹೋ ಸತ್ತು ತೇಲುತ್ತವೆ. ಯಾರೋ ವಿಷ ಹಾಕಿದ್ದಾರೆಯೇ?

ಕೈಯಾರೆ ಹಾಕಿರಬೇಕಿಲ್ಲ, ರಸ್ತೆಯ ನೀರೇ ಸಾಕು. ಟೈರ್ ಬಾಳಿಕೆಗೆ ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಓಜೋನ್ ತಾಗಿ ಬದಲಾಗುತ್ತದೆ, ಅದು ಕೋಹೋವನ್ನು ಗಂಟೆಗಳಲ್ಲೇ ಕೊಲ್ಲುತ್ತದೆ. ಇದು ಪತ್ತೆಯಾದದ್ದು 2020ರಲ್ಲಿ. ಶೇ 60 ಮರಳು, ಶೇ 40 ಕಾಂಪೋಸ್ಟ್ ಬೆರೆಸಿದ ಮಣ್ಣಿನಲ್ಲಿ ಸೋಸಿಬಂದ ರಸ್ತೆನೀರಿನಲ್ಲಿ ಕೋಹೋ ಬದುಕುಳಿದದ್ದು ಪ್ರಯೋಗದಲ್ಲಿ ಕಂಡಿದೆ. ನಿಮ್ಮ ಡ್ರೈವ್‌ವೇ ನೀರು ನೇರ ಚರಂಡಿಗೆ ಹೋಗದೆ ಅಂಥ ಪಾತಿಗೆ ಇಳಿಯಲಿ. ಕಾರನ್ನು ರಸ್ತೆಯಂಚಿನಲ್ಲಿ ತೊಳೆಯಬೇಡಿ.

ಪ್ರಶ್ನೆ: ಹೊಳೆಯಲ್ಲಿ ಹಿಡಿದ ಕಾಡು ಸ್ಯಾಮನ್ ಎತ್ತಿಕೊಂಡು ಒಂದು ಫೋಟೋ ತೆಗೆಸಿ ಬಿಟ್ಟರೆ ತಪ್ಪೇನು?

ಬಿಡಬೇಕಾದ ಸ್ಯಾಮನ್ ಅಥವಾ ಸ್ಟೀಲ್‌ಹೆಡ್ಡನ್ನು ವಾಷಿಂಗ್ಟನ್‌ನ ಸಿಹಿನೀರಿನಲ್ಲಿ ಪೂರ್ತಿ ನೀರಿನಿಂದ ಮೇಲೆತ್ತುವುದೇ ಕಾನೂನುಬಾಹಿರ. ಬೆನ್ನುರೆಕ್ಕೆಗೂ ಬಾಲಕ್ಕೂ ನಡುವಿನ ಪುಟ್ಟ ಮೆದುರೆಕ್ಕೆ ಕತ್ತರಿಸಿ ವಾಸಿಯಾದ ಗುರುತಿದ್ದರೆ ಹ್ಯಾಚರಿ ಮೀನು. ರೆಕ್ಕೆ ಇದ್ದರೆ ಕಾಡುಮೀನೆಂದೇ ತಿಳಿದು, ಮೀನು ನೀರಲ್ಲಿರುವಾಗಲೇ ಗಾಳ ಬಿಡಿಸಿ. ಆ ಹೊಳೆಯ ಆ ವಾರದ ನಿಯಮ ಓದದೆ ಗಾಳ ಹಾಕಬೇಡಿ.